ಕಂಬಳಿ ಕತ್ತಲೆಯ ನಾಲ್ಕು ದೆವ್ವಗಳು

ನನಗೆ ದೇವರ ಸಿನೆಮಾಕ್ಕಿಂತ ದೆವ್ವದ ಸಿನೆಮಾ ಹೆಚ್ಚು ಸೇರುತ್ತದೆ. ಇದನ್ನು ನಮ್ಮ ಓಣಿಯ ಕಟ್ಟೆಯ ಮೇಲೆ ಕೂತು ಹೇಳಿದರೆ ಅರ್ಧ ಮಂದಿ ಎದ್ದು ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ಎದ್ದು ಹೋದರೆ ನನಗೆ ಕಾಣುವುದಿಲ್ಲ.

ದೆವ್ವದ ಸಿನೆಮಾ ಎಂದರೆ ಎಲ್ಲವೂ ಅಲ್ಲ. ಕೈಯಲ್ಲಿ ರೊಕ್ಕವಿಲ್ಲದವರು ಮಾಡಿದ್ದಿರಬೇಕು. ಒಂದೇ ಆಟದೊಳಗೆ ಮೂರು ನಾಲ್ಕು ಕತೆಗಳನ್ನು ಕೌದಿಯ ಹಾಗೆ ಸೇರಿಸಿ ಹೊಲಿದಿರಬೇಕು. ಇಂಥದ್ದನ್ನು ನೋಡಿ ಹೊರಬಂದ ಗಂಡಸರು ಬೀಡಿ ಹಚ್ಚಿಕೊಂಡು, "ಥೂ, ಏನ ಹೊಲಸ ಪಿಕ್ಚರೋ ಮಾರಾಯಾ" ಎನ್ನುತ್ತಾರೆ. ಹೊಲಸು ಹೌದು, ನಾನು ಇಲ್ಲವೆನ್ನುವುದಿಲ್ಲ. ಕೌದಿಗೆ ಹಾಕುವುದೆಲ್ಲ ಹರಕು ಬಟ್ಟೆಯೇ. ಆದರೆ ಅಷ್ಟು ಹರಕಿನ ನಡುವೆ ಯಾರದೋ ಮದುವೆಯ ಸೀರೆಯ ಒಂದು ತುಂಡು ಸೇರಿಕೊಂಡಿರುತ್ತದೆ. ಹೊದ್ದು ಮಲಗಿದವರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ನಾನು ಓದಿದವಳಲ್ಲ. ನಮ್ಮೂರು ಯಳವಿಯ ಸಾಲೆ ಮರಾಠಿಯದು, ನಾನು ಅದರ ಬಾಗಿಲಿಗೂ ಹೋಗದೆ ಕುರಿಯ ಹಿಂದೆ ಹೋದವಳು. ತಲೆ ಬೆಳ್ಳಗಾದ ಮೇಲೆ ಮಠದ ಅಯ್ಯನವರು ಹೆಂಗಸರನ್ನು ಕೂಡಿಸಿ ಕನ್ನಡ ಅಕ್ಷರ ಹೇಳಿಕೊಟ್ಟರು. ನನ್ನ ಸಂಗಡ ಕಲಿಯಲು ಬಂದವರು ತಮ್ಮ ಹೆಸರು ಬರೆಯುವಷ್ಟಾದ ಕೂಡಲೇ ಬಿಟ್ಟರು. ನನಗೆ ಹೆಸರು ಬರೆದು ಏನು ಮಾಡುವುದೆಂದು ತಿಳಿಯದೆ ಮುಂದಕ್ಕೆ ಕಲಿತೆ. ಆದ್ದರಿಂದ ನಾನು ಬರೆದದ್ದು ಒರಟಾಗಿದ್ದರೆ ಒರಟೆಂದೇ ಓದಿರಿ. ಕಂಬಳಿ ಹೊದೆಯುವವರು ಚುಚ್ಚುತ್ತದೆಂದು ಅಳುವುದಿಲ್ಲ.

ಸಿನೆಮಾ ನೋಡುವ ಚಟ ನನಗೆ ಹತ್ತಿದ್ದು ಕಂಬಳಿಯಿಂದಲೇ. ನಾವು ಕುರಿಯವರು. ಗಂಡಸರು ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಾರೆ, ಹೆಂಗಸರು ಮನೆಯಲ್ಲಿ ಉಣ್ಣೆ ಹಿಂಜಿ ನೂಲುತ್ತೇವೆ. ಆ ನೂಲಿಗೆ ಹುಣಸೆಬೀಜ ಕುದಿಸಿದ ಸರಿ ಹಚ್ಚಿ ಗಟ್ಟಿ ಮಾಡಿದ ಮೇಲೆ ಅದು ಮಗ್ಗಕ್ಕೆ ಹೋಗುತ್ತದೆ. ನೇಯ್ದ ಕಂಬಳಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಜತ್ತದ ಸಂತೆಗೆ ಹೋಗಿ ಮಾರುವ ಕೆಲಸ ನನ್ನದು. ರಾಜರ ಆಳಿಕೆ ಹೋಗಿ ಮುಂಬೈ ಸರಕಾರ ಬಂದ ಮೇಲಿನ ಮಾತು. ಆ ಸಂತೆಗೆ ಪಾಂಡೂಮಾಮಾ ಎಂಬ ಒಬ್ಬ ಸಿನೆಮಾದವನು ಮಶೀನು ತಂದ. ಮೊದಲು ಡೇರೆ ಹಾಕಿದ. ನಮ್ಮ ಸೀಮೆಯ ಗಾಳಿ ಆ ಡೇರೆಯನ್ನು ಎತ್ತಿ ಎಮ್ಮೆ ಬಜಾರದಲ್ಲಿ ಒಗೆಯಿತು. ಆಮೇಲೆ ಅವನು ಒಬ್ಬ ವ್ಯಾಪಾರಿಯ ಶೇಂಗಾ ತುಂಬುವ ಪತ್ರಾಸಿನ, ಎಂದರೆ ತಗಡಿನ, ಶೆಡ್ಡು ಹಿಡಿದ. ಸುಗ್ಗಿ ಬರುವತನಕ ಅದು ಖಾಲಿಯೇ ಇರುತ್ತಿತ್ತು.

ಸಂತೆಯ ಮಂದಿ ಹೊತ್ತು ಮುಳುಗುವ ಮೊದಲು ಊರಿಗೆ ತಿರುಗುವವರು. ಅದಕ್ಕೆ ಆಟ ಹಗಲಲ್ಲೇ ಆಗಬೇಕು. ಹಗಲಲ್ಲಿ ಕತ್ತಲೆ ಎಲ್ಲಿಂದ ತರುವುದು? ಪಾಂಡೂಮಾಮಾ ಸಂತೆಯಲ್ಲಿ ತಿರುಗುತ್ತ ನನ್ನ ಮುಂದೆ ಬಂದು ನಿಂತ.

"ಬಾಯಿ, ಈ ಕಂಬಳಿ ಎಲ್ಲಾ ಮಾರಾಕೇನ್ರಿ?"

"ಇಲ್ಲಪಾ, ಬಿಸಲಿಗಿ ತಿರುಗಾಡಾಕ ಕರಕೊಂಡ ಬಂದೀನಿ," ಎಂದೆ.

ಅವನು ನಕ್ಕ. "ಮಾರೂದು ಮಾರ್ರಿ. ಉಳದದ್ದು ಆಟ ಮುಗಿಯೂತನಕ ನನ್ನ ಗ್ವಾಡಿಗಿ ಹಾಕ್ರಿ. ನಿಮಗ ಟಿಕೇಟ ಇಲ್ಲ."

ಹೀಗೆ ನನ್ನ ಕರಿ ಕಂಬಳಿಗಳು ಪತ್ರಾಸಿನ ಸಂದಿಗೆ ಜೋತುಬಿದ್ದವು, ನಾನು ಒಳಗೆ ಕೂತೆ. ಕಂಬಳಿಯ ಕತ್ತಲೆ ದೀಪ ಆರಿಸಿದ ಕತ್ತಲೆಯ ಹಾಗಲ್ಲ. ಅದಕ್ಕೆ ವಾಸನೆ ಇದೆ, ಬಿಸಿ ಇದೆ. ಕುರಿಯ ಹೊಟ್ಟೆಯೊಳಗೆ ಕೂತ ಹಾಗೆ ಆಗುತ್ತಿತ್ತು. ಮೇಲೆ ಶೇಂಗಾ ಸಿಪ್ಪೆಯ ದೂಳು. ದೆವ್ವ ಬಂದಾಗ ನಮ್ಮ ಮಂದಿ ಚೀರಿದ್ದಕ್ಕಿಂತ ಸೀನಿದ್ದೇ ಹೆಚ್ಚು. ಕಂಬಳಿಗೆ ಮುಚ್ಚಲಾಗದ ಮೊಳೆಯ ತೂತುಗಳು ಮಾಡಿನಲ್ಲಿ ಇದ್ದವು, ಅವುಗಳಿಂದ ಬಿಸಿಲು ಬಂದು ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತಿತ್ತು. ದೇವರ ಸಿನೆಮಾದಲ್ಲಿ ಅವು ಆಕಾಶದ ಚಿಕ್ಕಿಗಳ ಹಾಗೆ ಒಪ್ಪುತ್ತಿದ್ದವು. ದೆವ್ವದ ಸಿನೆಮಾದಲ್ಲಿ ದೆವ್ವಕ್ಕೆ ಸಿಡುಬು ಎದ್ದ ಹಾಗೆ ಕಾಣುತ್ತಿದ್ದವು.

ದೇವರ ಆಟವಿದ್ದ ದಿನ ಪಾಂಡೂಮಾಮಾ ಪರದೆಯ ಮುಂದೆ ಒಂದು ಸ್ಟೂಲು ಹಾಕಿ ತಾಟು ಇಡುತ್ತಿದ್ದ. ಹೆಂಗಸರು ಕೆರವು ಹೊರಗೆ ಬಿಟ್ಟು ಬರುತ್ತಿದ್ದರು. ದೇವಿ ಪರದೆಯ ಮೇಲೆ ಬಂದ ಕೂಡಲೇ ಎದ್ದು ಹೋಗಿ ಹೂವು ಏರಿಸಿ, ತಾಟಿನಲ್ಲಿ ಉಡಿ ತುಂಬಿ, ಕೈ ಮುಗಿದು ಬಂದು ಕೂರುತ್ತಿದ್ದರು. ಉಡಿ ಎಂದರೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಎಲೆ ಅಡಿಕೆ, ಕುಪ್ಪಸಕ್ಕೆ ಒಂದು ಹಸಿರು ಖಣ. ಇದು ದೇವಿಗೂ ಸಲ್ಲುತ್ತದೆ, ಗಂಡನಿರುವ ಹೆಂಗಸಿಗೂ ಸಲ್ಲುತ್ತದೆ. ಆಟ ಮುಗಿದ ಮೇಲೆ ಆ ಕೊಬ್ಬರಿಯೆಲ್ಲ ಪಾಂಡೂಮಾಮಾನ ಚಟ್ನಿಗೆ ಸಲ್ಲುತ್ತಿತ್ತು. ಅದು ನನಗೆ ಗೊತ್ತಿತ್ತು, ದೇವಿಗೂ ಗೊತ್ತಿತ್ತು.

ಈಗ ಆ ನಾಲ್ಕು ಕತೆಯ ಸಿನೆಮಾಕ್ಕೆ ಬರುತ್ತೇನೆ. ಮಾತು ಮರಾಠಿಯದು, ನಮಗೆಲ್ಲ ತಿಳಿಯುತ್ತದೆ. ಮಳೆಗೆ ಸಿಕ್ಕ ನಾಲ್ವರು ಒಂದು ಧರ್ಮಶಾಲೆಗೆ ಬಂದು ಬೆಂಕಿಯ ಮುಂದೆ ಕೂತು ಒಬ್ಬೊಬ್ಬರು ಒಂದೊಂದು ದೆವ್ವದ ಕತೆ ಹೇಳುತ್ತಾರೆ. ಕೊನೆಗೆ ತಿಳಿಯುವುದೇನೆಂದರೆ ಆ ನಾಲ್ವರೂ ಎಂದೋ ಸತ್ತವರು. ಮಂದಿಯೆಲ್ಲ ಹೌಹಾರಿದರು. ನನಗೆ ಮೊದಲೇ ಗೊತ್ತಾಗಿತ್ತು. ಅಂಥ ಮಳೆಯಲ್ಲಿ ಬಂದವರ ಧೋತರ ಒಣಗಿತ್ತು. ಆಮೇಲೆ ಯೋಚಿಸಿದರೆ, ಅದು ಸಿನೆಮಾದವರ ಜಾಣತನವಲ್ಲ, ಧೋತರ ತೋಯಿಸಿದರೆ ಬದಲಿಗೆ ಇನ್ನೊಂದು ಇರಲಿಲ್ಲ ಎಂದು ಕಾಣುತ್ತದೆ.

ಮೊದಲನೆಯ ಕತೆಯಲ್ಲಿ ಹೂತಿಟ್ಟ ಬಂಗಾರ ಕಾಯುವ ಹಾವು. ಆ ಹಾವನ್ನು ಎಳೆಯುವ ದಾರ ನನಗೆ ಕಂಡಿತು. ನೂಲುವವರ ಕಣ್ಣಿಗೆ ದಾರ ತಪ್ಪುವುದಿಲ್ಲ. ಎರಡನೆಯದರಲ್ಲಿ ಸತ್ತವನ ಬರೀ ಕೈಯೊಂದು ಮೇಜಿನ ಮೇಲೆ ಓಡಾಡಿ ತನ್ನನ್ನು ಕೊಂದವನನ್ನು ಹುಡುಕುತ್ತದೆ. ಮೇಜಿಗೆ ತೂತು ಕೊರೆದು ಕೆಳಗೆ ಒಬ್ಬ ಕೂತಿದ್ದ. ಅವನಿಗೆ ಕೆಮ್ಮು ಬಂದಾಗ ಮೇಜು ಅಲುಗಾಡಿತು. ಮೂರನೆಯದರಲ್ಲಿ ಒಂದು ಬಾವಿ ಮಂದಿಯನ್ನು ಹೆಸರು ಹಿಡಿದು ಕರೆಯುತ್ತದೆ. ಕರೆದವರೆಲ್ಲ ಓಡಿ ಹೋಗಿ ಬೀಳುತ್ತಾರೆ. ನಮ್ಮ ಕಡೆಯ ಬಾವಿ ಯಾರನ್ನೂ ಕರೆಯುವುದಿಲ್ಲ, ಅದರಲ್ಲಿ ನೀರಿದ್ದರೆ ನಾವೇ ಓಡುತ್ತೇವೆ.

ಹೀಗೆ ನಗುವುದು ಸುಲಭ. ಆದರೆ ಬಹಳ ರೊಕ್ಕ ಸುರಿದ ದೆವ್ವದ ಸಿನೆಮಾವನ್ನೂ ನಾನು ನೋಡಿದ್ದೇನೆ. ಅದರಲ್ಲಿ ದೊಡ್ಡ ವಾಡೆ, ಕುದುರೆ, ಗಾಜಿನ ದೀಪದ ಗೊಂಚಲು. ರೊಕ್ಕವಿದ್ದವನು ತಡೆದುಕೊಳ್ಳಲಾರದೆ ದೆವ್ವವನ್ನು ಮುಂದೆ ತಂದು ನಿಲ್ಲಿಸಿಬಿಟ್ಟ. ಹಲ್ಲು, ಉಗುರು, ಕೂದಲು, ಎಲ್ಲ ತೋರಿಸಿದ. ಮೊದಲ ಸಲ ಹೆದರಿದೆವು. ಎರಡನೆಯ ಸಲ ಅದು ನಮ್ಮೂರ ಗೌಡರ ಷಡ್ಡಕನ ಹಾಗೆ ಕಂಡಿತು. ಮೂರನೆಯ ಸಲ ನನ್ನ ಮಗ್ಗುಲಿನವಳು ಹಾಲೂಡಿಸುತ್ತ ನಿದ್ದೆ ಮಾಡಿದಳು. ರೊಕ್ಕವಿಲ್ಲದವನಿಗೆ ತೋರಿಸಲು ಏನೂ ಇಲ್ಲ. ಅವನು ಒಂದು ಬಾಗಿಲು ತೋರಿಸುತ್ತಾನೆ. ಆ ಬಾಗಿಲ ಹಿಂದೆ ಏನಿದೆ ಎಂಬುದನ್ನು ನೋಡುವವರೇ ತಮ್ಮ ತಮ್ಮ ಮನೆಯಿಂದ ತಂದು ಇಡಬೇಕು.

ಕತೆಯ ಮೇಲೆ ಕತೆ ಹೊಲಿಯುವುದೂ ಹೊಸದಲ್ಲ. ಮಠದಲ್ಲಿ ಪುರಾಣ ಹಚ್ಚಿದಾಗ ಅಯ್ಯನವರು ಒಂದು ಕತೆಯ ಹೊಟ್ಟೆಯಲ್ಲಿ ಇನ್ನೊಂದನ್ನು ಇಡುತ್ತಾರೆ, ಅದರ ಹೊಟ್ಟೆಯಲ್ಲಿ ಮತ್ತೊಂದು. ಮೊದಲನೆಯದಕ್ಕೆ ತಿರುಗಿ ಬರುವಷ್ಟರಲ್ಲಿ ಶ್ರಾವಣ ಮುಗಿದಿರುತ್ತದೆ. ಒಮ್ಮೆ ಅವರಿಗೆ ಹೇಳಿಯೇ ಬಿಟ್ಟೆ: "ಅಜ್ಜಾರ, ನಿಮ್ಮ ಪುರಾಣ, ಆ ಪಾಂಡೂಮಾಮಾನ ಪಿಕ್ಚರ್, ಎರಡೂ ಒಂದ ಜಾತೀವು ನೋಡ್ರಿ."

"ಹೌದ ಬಿಡವಾ," ಎಂದರು ಅಯ್ಯನವರು, "ನನ್ನದಕ್ಕ ಟಿಕೇಟ ಇಲ್ಲ, ಅಷ್ಟ."

ಇನ್ನೊಂದು ಮಾತು ನನಗೆ ತಿಳಿಯುತ್ತಿರಲಿಲ್ಲ. ಸಿನೆಮಾದ ಹೆಣ್ಣುದೆವ್ವಗಳೆಲ್ಲ ಬಿಳಿ ಸೀರೆ ಉಡುವುದು ಯಾಕೆ? ಗಂಡನಿರುವಾಗ ಸತ್ತ ಹೆಂಗಸನ್ನು ನಾವು ಹಸಿರು ಉಡಿಸಿ, ಬಳೆ ಇಡಿಸಿ, ಹಣೆತುಂಬ ಕುಂಕುಮ ಹಚ್ಚಿ ಕಳಿಸುತ್ತೇವೆ. ಅವಳು ತಿರುಗಿ ಬಂದರೆ ಹಸಿರಲ್ಲೇ ಬರಬೇಕಲ್ಲವೇ? ದಾರಿಯಲ್ಲಿ ಸೀರೆ ಬದಲಿಸಿದವರು ಯಾರು? ಸಿನೆಮಾದವರಿಗೆ ಹೆಣ ಕಳಿಸಿ ಗೊತ್ತಿಲ್ಲ, ಅಷ್ಟೇ.

ಆದರೆ ಆ ನಾಲ್ಕನೆಯ ಕತೆಯಲ್ಲಿ ದೆವ್ವ ಬಿಳಿ ಉಟ್ಟಿರಲಿಲ್ಲ. ಅಷ್ಟೊತ್ತಿಗೆ ಅವರ ರೊಕ್ಕ ಪೂರ್ತಿ ತೀರಿತ್ತು ಎಂದು ನನ್ನ ಲೆಕ್ಕ. ಒಂದೇ ಕೋಣೆ, ಒಂದು ತೊಟ್ಟಿಲು, ಎರಡು ಕೊಡ. ಸತ್ತ ಮೊದಲ ಹೆಂಡತಿಯಾಗಿ ಬಂದವಳು ತನ್ನ ಮನೆಯ ಸೀರೆಯಲ್ಲೇ ಬಂದಂತಿತ್ತು. ಬಣ್ಣ ಕಾಣದ ಸಿನೆಮಾದಲ್ಲಿ ಅದು ಕಪ್ಪಗೆ ಕಂಡಿತು, ಹಸಿರೂ ಇದ್ದೀತು. ಕೈಯಲ್ಲಿ ಬಳೆ ಇದ್ದವು. ಅವಳ ಬೆನ್ನು ಮಾತ್ರ ತೋರಿಸಿದರು. ಎರಡನೆಯ ಹೆಂಡತಿ ಮಲಗಿರುವಾಗ ಅವಳು ಬಂದು ಕಸ ಹೊಡೆಯುತ್ತಾಳೆ, ಕೊಡ ತುಂಬಿಡುತ್ತಾಳೆ, ತೊಟ್ಟಿಲ ಹತ್ತಿರ ಹೋಗಿ ನಿಲ್ಲುತ್ತಾಳೆ. ತೂಗುವುದಿಲ್ಲ. ನಿಲ್ಲುತ್ತಾಳೆ, ಅಷ್ಟೇ. ಬಾಜಾ ಬಜಂತ್ರಿಯೂ ಇಲ್ಲ. ಆ ಶೆಡ್ಡಿನಲ್ಲಿ ಅವತ್ತು ಯಾರೂ ಸೀನಲಿಲ್ಲ. ಕೊನೆಗೊಮ್ಮೆ ಅವಳು ಹೊರಳಿದಳು. ಮುಖಕ್ಕೆ ಏನೂ ಬಳಿದಿರಲಿಲ್ಲ. ನೀರಿಗೆ ಹೋಗಿ ಬಂದ ಯಾವುದೇ ಹೆಂಗಸಿನ ಮುಖ. ಹಾಗೇ ಬಾಗಿಲು ದಾಟಿ ಹೋದಳು. ಮೂರು ಕತೆ ನೋಡಿ ನಕ್ಕ ನಾನು ಆಟ ಮುಗಿದ ಮೇಲೂ ಕಂಬಳಿ ಇಳಿಸಲು ಏಳದೆ ಕೂತೆ.

ಹಾಗೆ ಕೂರಲು ಕಾರಣ ನಮ್ಮ ಮನೆಯಲ್ಲೇ ಇತ್ತು.

ನನ್ನ ಮೈದುನನ ಹೆಂಡತಿ ತಂಗೆವ್ವ. ನಮ್ಮಿಬ್ಬರ ಮನೆಗೆ ಅಂಗಳ ಒಂದೇ. ಅವಳ ಮಗ ಬೀರಪ್ಪ ಕುರಿಯ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವನ ಮೊದಲ ಹೆಂಡತಿ ಮಾಳವ್ವ ಕುಣಿಕೋಣೂರಿನವಳು. ಎದೆಹಾಲು ಕುಡಿಯುವ ಮಗಳನ್ನು ಬಿಟ್ಟು ಜ್ವರಕ್ಕೆ ಸತ್ತಳು. ವರ್ಷ ತುಂಬಿದ ಮೇಲೆ ಬೀರಪ್ಪನಿಗೆ ಸುಂದ್ರವ್ವನನ್ನು ತಂದರು. ಎರಡನೆಯವಳಾಗಿ ಬಂದವಳ ಕೊರಳಿಗೆ ಸತ್ತವಳ ಬೆಳ್ಳಿ ಮೂರ್ತಿ ಕಟ್ಟುವ ಪದ್ಧತಿ ನಮ್ಮಲ್ಲಿದೆ. ಹೆಬ್ಬೆರಳ ಉಗುರಿನಷ್ಟು ದೊಡ್ಡದು, ಟಾಕು ಎನ್ನುತ್ತೇವೆ. ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಿ ಉಡಬೇಕು. ಹಬ್ಬದ ಹೋಳಿಗೆ ಮೊದಲು ಅದಕ್ಕೆ ತೋರಿಸಿ ತಿನ್ನಬೇಕು. ಸತ್ತವಳಿಗೆ ಹೊಟ್ಟೆಕಿಚ್ಚು ಆಗಬಾರದೆಂದು. ಸುಂದ್ರವ್ವ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಅದೇ ಕೆಟ್ಟದ್ದಾಯಿತು.

ಬಂದ ಹೊಸತರಲ್ಲಿ ಅವಳು ಆ ಕೂಸು ಲಕ್ಕಿಯನ್ನು ಎತ್ತಿಕೊಂಡಿದ್ದಳು. ಸಂಜೆಗೆ ಕೂಸಿಗೆ ಜ್ವರ ಬಂತು. ಹಲ್ಲು ಬರುವ ಕೂಸಿಗೆ ಜ್ವರ ಬರದೆ ಏನು ಬರುತ್ತದೆ? ಆದರೆ ತಂಗೆವ್ವ, "ಮಾಳವ್ವಗ ಸಿಟ್ಟ ಬಂದೈತಿ" ಎಂದಳು. ಅಂದಿನಿಂದ ಸುಂದ್ರವ್ವ ಆ ಕೂಸನ್ನು ಮುಟ್ಟಲಿಲ್ಲ. ಅನ್ನ ಕಲಸಿ ತಾಟನ್ನು ಮುಂದೆ ಸರಿಸಿ ದೂರ ಕೂರುತ್ತಿದ್ದಳು. ಕೂಸು ಬಿದ್ದು ಅತ್ತರೆ, ಎದ್ದು ನಿಂತು ಕೈ ಹಿಸುಕಿಕೊಳ್ಳುತ್ತಿದ್ದಳು. ಲಕ್ಕಿಗೆ ಮೂರು ತುಂಬುತ್ತ ಬಂದಿತ್ತು. ತಲೆಯಲ್ಲಿ ಹೇನು, ಮೂಗಿನಲ್ಲಿ ಸಿಂಬಳ. ತಂಗೆವ್ವನಿಗೆ ಕಣ್ಣು ಮಂದ, ನನಗೆ ನೂಲು. ಯಾರ ಹಿಂದೆ ಹೋಗಬೇಕೆಂದು ತಿಳಿಯದ ಮರಿಯ ಹಾಗೆ ಆ ಕೂಸು ಅಂಗಳದಲ್ಲಿ ತಿರುಗುತ್ತಿತ್ತು.

"ಯಾಕ ಎತ್ತಿಕೊಳ್ಳುವಲ್ಲಿ?" ಎಂದು ನಾನು ಕೇಳಿದೆ.

"ಎತ್ತಿಕೊಂಡ್ರ, ನನ್ನ ಮಗಳ್ನ ಕಸಕೊಂಡ್ಲು ಅಂತಾಳ್ರಿ ದೊಡ್ಡತ್ತಿ. ಬೈದ್ರ, ನನ್ನ ಮಗಳ್ನ ಬೈದ್ಲು ಅಂತಾಳ. ಇಲ್ಲೇ ಕುಂತಾಳಲ್ರಿ." ಕೊರಳಿನ ಟಾಕು ಮುಟ್ಟಿ ತೋರಿಸಿದಳು.

ದೆವ್ವ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸಣ್ಣವಳಿದ್ದಾಗ ಹಿಂಡಿನ ಸಂಗಡ ಅಡವಿಯಲ್ಲಿ ಮಲಗಿದ್ದೇನೆ. ತೋಳ ಕಂಡಿದ್ದೇನೆ, ದೆವ್ವ ಕಂಡಿಲ್ಲ. ಆದರೆ ತೋಳ ಹಿಂಡಿಗೆ ಮಾಡದ ಕೇಡನ್ನು ಈ ಹೆದರಿಕೆ ಆ ಅಂಗಳದಲ್ಲಿ ಮಾಡುತ್ತಿತ್ತು.

ತಂಗೆವ್ವನಿಗೂ ಸಾಕಾಯಿತು. "ಮಣ್ಣೆತ್ತಿನ ಅಮಾಸಿ ಆಗೂದ ತಡ, ನಿಂಗಪ್ಪನ ಕರಸಿ ಕೂಸ ಕಳಸಿಬಿಡ್ತೀನಿ ಯಕ್ಕಾ," ಎಂದಳು. ನಿಂಗಪ್ಪ ಎಂದರೆ ಸತ್ತ ಮಾಳವ್ವನ ಅಣ್ಣ. "ಕೂಸು ಅವರ ಮನ್ಯಾಗ ಬೆಳೀಲಿ. ಇಕಿನ್ನೂ ತವರಿಗಿ ಕಳಸ್ತೀನಿ. ಕೂಸ ಮುಟ್ಟದ ಸೊಸಿ ತಗೊಂಡು ಏನ ಮಾಡ್ಲಿ, ಗೂಟಕ್ಕ ಕಟ್ಲೇನ?" ತಂಗೆವ್ವ ಕೆಟ್ಟವಳಲ್ಲ. ಹೇಳಿದರೆ ಹೇಳಿದ ಹಾಗೆ ಮಾಡುವವಳು, ಅದೇ ತೊಂದರೆ.

ಅಮಾವಾಸ್ಯೆಯ ಹಿಂದಿನ ಸಂತೆಗೆ ದೇವಿಯ ಸಿನೆಮಾ ಬರುತ್ತದೆಂದು ಪಾಂಡೂಮಾಮಾ ಡಂಗುರ ಸಾರಿಸಿದ್ದ. ತಂಗೆವ್ವ ತಾನೇ ಸುಂದ್ರವ್ವನಿಗೆ ಉಡಿಯ ಸಾಮಾನು ಕಟ್ಟಿಕೊಟ್ಟಳು. "ಇಕಿನ್ನ ದೇವಿ ಮುಂದ ಕುಂದ್ರಿಸಿ ಕರಕೊಂಡ ಬಾ. ಇಕಿಗರೇ ಬುದ್ಧಿ ಬರ್ಲಿ, ಇಲ್ಲಾ ಸತ್ತಾಕಿಯರೇ ಬಿಟ್ಟ ಹೋಗ್ಲಿ," ಎಂದು ನನಗೆ ಹೇಳಿದಳು. ಎರಡು ಗಾಡಿ ಹೆಂಗಸರು ಹೊರಟೆವು.

ಶೆಡ್ಡಿಗೆ ಹೋದರೆ ಪಾಂಡೂಮಾಮಾ ತಲೆ ತುರಿಸಿಕೊಳ್ಳುತ್ತ ನಿಂತಿದ್ದ. ಮೀರಜದಿಂದ ಬರುವ ಮೋಟಾರಿನಲ್ಲಿ ದೇವಿಯ ರೀಲಿನ ಡಬ್ಬಿ ಬಂದಿರಲಿಲ್ಲ. ಹಿಂದಿನ ವಾರದ ದೆವ್ವದ ಡಬ್ಬಿ ತಿರುಗಿ ಹೋಗದೆ ಅಲ್ಲೇ ಬಿದ್ದಿತ್ತು.

"ಕುಂದ್ರಿ ಬಾಯಿ, ಇದೂ ಚಲೋ ಐತಿ," ಎಂದ. "ನಾಕ ಕತಿ ಅದಾವ. ದೇವಿದಾದ್ರ ಒಂದ."

"ನಮಗೇನ ಹುಚ್ಚ ಹಿಡದೈತೇನೋ? ಉಡಿ ತಂದೀವಿ, ದೆವ್ವಕ್ಕ ಏರಸೂಣೇನ?" ಎಂದಳು ಒಬ್ಬಳು. ಬೈದರು, ಗೊಣಗಿದರು, ಆದರೆ ಯಾರೂ ಏಳಲಿಲ್ಲ. ಗಾಡಿ ಹೂಡಿಕೊಂಡು ಅಷ್ಟು ದೂರ ಬಂದವರು ಏನಾದರೂ ನೋಡಿಯೇ ಹೋಗುತ್ತಾರೆ. ನಾನು ಸುಂದ್ರವ್ವನ ಕೈ ಹಿಡಿದು, "ನಡಿ, ಸಂತಿ ಮಾಡೂಣು" ಎಂದೆ. ನಾಲ್ಕನೆಯ ಕತೆ ಏನೆಂದು ನಮ್ಮ ಗಾಡಿಗಳ ಹೆಂಗಸರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

"ಒಂದೀಟ ನೋಡೂಣ್ರಿ ದೊಡ್ಡತ್ತಿ," ಎಂದಳು ಅವಳು. ಸಿನೆಮಾ ಅವಳಿಗೆ ಅದೇ ಮೊದಲು.

ಹಾವು ಬಂತು, ಅವಳು ಬಾಯಿಗೆ ಸೆರಗು ಇಟ್ಟುಕೊಂಡಳು. ಕೈ ಬಂತು, ನಕ್ಕಳು. ಮದುವೆಯಾಗಿ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಅಂದೇ ಕೇಳಿದ್ದು. ಬಾವಿಯ ಕತೆ ಮುಗಿಯುತ್ತ ಬಂದಾಗ ನಾನು ಮತ್ತೆ ಎಬ್ಬಿಸಿದೆ. "ಏಳ, ಹೊಟ್ಟಿ ನೋಯಾಕ ಹತ್ತೈತಿ ನನಗ."

"ನೀವು ಹೋಗಿ ಬರ್ರಿ, ನಾ ಜಾಗಾ ಹಿಡದಿರ್ತೀನಿ," ಎಂದಳು.

ಹೋಗಲಿಲ್ಲ. ತೊಟ್ಟಿಲು ಬಂತು, ಕೊಡ ಬಂದವು, ಆ ಬೆನ್ನು ಬಂತು. ಸತ್ತ ಮೊದಲ ಹೆಂ‍ಡತಿ ಎಂದು ಪರದೆಯ ಮೇಲಿನವರು ಹೇಳಿದ ಕೂಡಲೇ ಸುಂದ್ರವ್ವ ನನ್ನ ಮೊಣಕೈ ಹಿಡಿದಳು. ಉಗುರು ಒಳಗೆ ಇಳಿಯಿತು. ಇವಳು ಇಲ್ಲೇ ಬಿದ್ದರೆ ಗಾಡಿಯಲ್ಲಿ ಹಾಕಿಕೊಂಡು ಹೋಗಿ ತಂಗೆವ್ವನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವಳ ಹಿಡಿತ ಸಡಿಲಾಯಿತು.

"ಇಕಿ ಬಿಳಿ ಉಟ್ಟಿಲ್ಲ ನೋಡ್ರಿ," ಎಂದಳು ಮೆಲ್ಲಗೆ. "ಬಳಿ ಅದಾವ. ಮುತ್ತೈದಿ."

ಎದ್ದಳು. ಉಡಿಯ ಗಂಟು ಬಿಚ್ಚಿಕೊಂಡು ಮಂದಿಯ ಕಾಲು ದಾಟುತ್ತ ಮುಂದೆ ಹೋದಳು. ದೇವರ ಆಟದ ಸ್ಟೂಲು ತಾಟು ಅಲ್ಲೇ ಇದ್ದವು, ಪಾಂಡೂಮಾಮಾ ತೆಗೆಯಲು ಮರೆತಿದ್ದ. ಮಶೀನಿನ ಬೆಳಕು ಅವಳ ಬೆನ್ನಿಗೆ ಬಿದ್ದು ಅವಳ ನೆರಳು ಪರದೆಗೆ ಹೋಯಿತು. ತೊಟ್ಟಿಲ ಈಚೆಗೆ ಆ ಹೆಂಗಸು, ಆಚೆಗೆ ಇವಳ ನೆರಳು.

"ಏ, ಕುಂದರ ಬೇ! ಕಾಣವಲ್ದು!" ಎಂದು ಹಿಂದಿನಿಂದ ಒಬ್ಬ ಗಂಡಸು ಕೂಗಿದ.

"ನೀ ಸುಮ್ನ ಕುಂದರೋ, ಬಾಡ್ಯಾ," ಎಂದೆ ನಾನು. ಅವನು ಕೂತ.

ಸುಂದ್ರವ್ವ ಖಣ ಇಟ್ಟಳು, ಅದರ ಮೇಲೆ ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು, ಎಲೆ ಅಡಿಕೆ. ದೇವಿಗೆ ತುಂಬುವ ಹಾಗೆಯೇ, ಒಂದೂ ಬಿಡದೆ. ಮನೆಯಲ್ಲಿ ಮಾಳವ್ವನ ಹೆಸರಿಗೆ ಉಡಿ ತುಂಬುವುದು ತಂಗೆವ್ವನ ಕೈ. ಸವತಿ ತುಂಬಿದರೆ ಸತ್ತವಳು ಒಪ್ಪುವುದಿಲ್ಲವೆಂದು ಇವಳಿಗೆ ಬಿಟ್ಟಿರಲಿಲ್ಲ. ಕೈ ಮುಗಿದು ನಿಂತು ಸುಂದ್ರವ್ವ ಅಂದದ್ದು ಮಶೀನಿನ ಸದ್ದಿನಲ್ಲೂ ನಮಗೆಲ್ಲ ಕೇಳಿಸಿತು.

"ಯಕ್ಕಾ, ನಿನ್ನ ಕೂಸ ಹೇನ ಹತ್ತಿ ಸಾಯಾಕ ಹತ್ತೈತಿ. ನಾ ಎತ್ತಿಕೊಳ್ಳಲೇನ ಹೇಳು."

ಪರದೆಯ ಮೇಲಿನ ಹೆಂಗಸು ಹೊರಳಿದಳು. ಆ ಬಣ್ಣ ಬಳಿಯದ ಮುಖದಿಂದ ನಮ್ಮ ಕಡೆ ಒಂದು ಸಲ ನೋಡಿದಳು. ಬಾಗಿಲು ದಾಟಿ ಹೋದಳು.

ಪಾಂಡೂಮಾಮಾ ಮಶೀನಿನ ಹತ್ತಿರ ಬಾಯಿ ತೆರೆದು ನಿಂತಿದ್ದ. ನಿಲ್ಲಿಸಿದರೆ ರೀಲು ಸುಡುತ್ತದೆ, ಅದಕ್ಕೆ ತಿರುಗಿಸುತ್ತಲೇ ಇದ್ದ.

ತಿರುಗಿ ಬರುವಾಗ ಗಾಡಿಯಲ್ಲಿ ಸುಂದ್ರವ್ವ ಕೇಳಿದಳು: "ದೊಡ್ಡತ್ತಿ, ಅಕಿ ಹ್ವಾದಳು. ನೋಡಿದ್ರಿಲ್ಲ?"

ಹಿಂದಿನ ವಾರವೂ ಅವಳು ಹಾಗೆಯೇ ಹೊರಳಿದ್ದಳು, ಹಾಗೆಯೇ ಹೋಗಿದ್ದಳು. ಅವತ್ತು ಯಾರೂ ಉಡಿ ತುಂಬಿರಲಿಲ್ಲ. ನಾನು ಸುಳ್ಳು ಹೇಳುವವಳಲ್ಲ. ಕೇಳಿದ್ದಕ್ಕಿಂತ ಹೆಚ್ಚು ಹೇಳುವವಳೂ ಅಲ್ಲ.

"ನೋಡಿದೆ," ಎಂದೆ. "ಹ್ವಾದಳು."

ಮುಂದಿನ ಗಾಡಿಯ ಹೆಂಗಸರು ನಮಗಿಂತ ಮೊದಲು ಊರು ಮುಟ್ಟಿ ಎಲ್ಲ ಹೇಳಿಬಿಟ್ಟಿದ್ದರು. ತಂಗೆವ್ವ ಅಂಗಳದಲ್ಲೇ ನಿಂತಿದ್ದಳು. "ದೇವಿಗಿ ಕೊಟ್ಟ ಉಡಿ ದೆವ್ವಕ್ಕ ತುಂಬಿ ಬಂದ್ಯಾ? ಮಂದೀ ಮುಂದ ನಮ್ಮ ಮನಿ ಸತ್ತಾಕಿನ ಕರದು ಮಾತಾಡ್ಸಿದ್ಯಾ?"

"ದೆವ್ವ ಅಲ್ಲ ತಂಗೆವ್ವಾ, ಅದು ಬಟ್ಟಿ ಮ್ಯಾಗ ಬಿದ್ದ ಬೆಳಕು," ಎಂದೆ ನಾನು.

"ಹಂಗಾದ್ರ ಬೆಳಕಿಗಿ ಕೊಬ್ಬರಿ ಯಾಕ?"

ಮರುದಿನವೇ ತಂಗೆವ್ವ ಕೂಸನ್ನು ಒಯ್ಯಲು ಬಾ ಎಂದು ಕುಣಿಕೋಣೂರಿಗೆ, ನಿಂಗಪ್ಪನಿಗೆ, ಹೇಳಿ ಕಳಿಸಿದಳು. ಸುಂದ್ರವ್ವ ಆಮೇಲೂ ಕೂಸನ್ನು ಎತ್ತಿಕೊಳ್ಳಲಿಲ್ಲ. ತಾಟು ಸರಿಸುವಾಗ ಮಾತ್ರ ಮೊದಲಿನಷ್ಟು ದೂರ ಕೂರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಆದರೆ ಅಷ್ಟರಿಂದ ನಿಂಗಪ್ಪನ ಗಾಡಿ ಬರುವುದು ನಿಲ್ಲುತ್ತದೆಯೇ?

ಅಮಾವಾಸ್ಯೆಯ ಮರುದಿನ ನಿಂಗಪ್ಪ ಬೆಳಿಗ್ಗೆಯೇ ಗಾಡಿ ತಂದ. ದಾರಿಯಲ್ಲಿ ಕೂಸು ಅಳದಿರಲೆಂದು ಬೆಂಡು ಬತ್ತಾಸು ತಂದಿದ್ದ. ತಂಗೆವ್ವ ಲಕ್ಕಿಯ ಹರಕು ಅಂಗಿಗಳನ್ನು ಗಂಟು ಕಟ್ಟುತ್ತ ಮೂಗು ಸೇದುತ್ತಿದ್ದಳು. ನಾನು ಅಂಗಳದಲ್ಲಿ ಗಡಿಗೆಯ ಸರಿಯನ್ನು ಆರಲು ಇಟ್ಟು ನೂಲು ಬಿಡಿಸುತ್ತಿದ್ದೆ. ಯಾರೂ ನೋಡದ ಹೊತ್ತಿನಲ್ಲಿ ಲಕ್ಕಿ ಬಂದು ಎರಡೂ ಕೈ ಆ ಗಡಿಗೆಯಲ್ಲಿ ಅದ್ದಿ, ಅಂಟು ಕೈಯಿಂದ ಗಡಿಗೆಯನ್ನೇ ಎಳೆದು ನನ್ನ ನೂಲಿನ ಮೇಲೆ ಬೋರಲು ಹಾಕಿತು.

ನಾನು ಚೀರುವ ಮೊದಲೇ ಸುಂದ್ರವ್ವ ಅಡಿಗೆಮನೆಯಿಂದ ಹಾರಿ ಬಂದಿದ್ದಳು. ಕೂಸಿನ ಬೆನ್ನಿಗೆ ಫಟ್ಟನೆ ಒಂದು ಬಿಟ್ಟಳು.

"ಸುಡುವಂಗಿದ್ದಿದ್ರ ಏನ ಮಾಡ್ತಿದ್ದಿ, ಸುಡಗಾಡ ಹುಡುಗೀ!"

ಎಲ್ಲರೂ ನಿಂತಲ್ಲೇ ನಿಂತೆವು. ಸುಂದ್ರವ್ವ ತನ್ನ ಕೈಯನ್ನೇ ನೋಡಿಕೊಂಡಳು. ಆಕಾಶ ಬೀಳಲಿಲ್ಲ. ಲಕ್ಕಿ ಬಾಯಿ ದೊಡ್ಡದು ಮಾಡಿ ಅತ್ತಿತು. ಅಳುತ್ತ ಅಜ್ಜಿಯ ಕಡೆ ಓಡಲಿಲ್ಲ, ಸೋದರಮಾವನ ಕಡೆಯೂ ಓಡಲಿಲ್ಲ. ಹೊಡೆದವಳ ಸೀರೆಯನ್ನೇ ಅಂಟು ಕೈಯಿಂದ ಹಿಡಿದು ಅದರೊಳಗೆ ಮುಖ ಹೊಕ್ಕಿಸಿತು. ಸುಂದ್ರವ್ವ ಬಾಗಿ ಎತ್ತಿ ಸೊಂಟದ ಮೇಲೆ ಕೂಡಿಸಿಕೊಂಡಳು. ಸೆರಗಿನಿಂದ ಸರಿಯನ್ನೂ ಸಿಂಬಳವನ್ನೂ ಒಂದೇ ಸಲಕ್ಕೆ ಒರೆಸಿದಳು. ಆ ಬೆಳ್ಳಿ ಟಾಕು ಇಬ್ಬರ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಬೆನ್ನ ಹಿಂದಕ್ಕೆ ತಳ್ಳಿ ಒಳಗೆ ಹೋದಳು.

ತಂಗೆವ್ವ ಕಟ್ಟುತ್ತಿದ್ದ ಗಂಟನ್ನು ಕೈಯಲ್ಲೇ ಹಿಡಿದು ಕೂತಳು. ನಿಂಗಪ್ಪ ಚಹಾ ಕುಡಿದು ಬಟ್ಟಲು ಕೆಳಗಿಟ್ಟ. ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಅಂಟಿಕೊಂಡ ನೂಲು ಬಿಡಿಸಲು ಕೈ ಹಚ್ಚಿದ. ಸಿನೆಮಾದ ಸುದ್ದಿ ಅವನ ಊರಿಗೂ ಮುಟ್ಟಿತ್ತು.

"ಅತ್ತಿ, ಆ ಪಿಕ್ಚರಿನ್ಯಾಗ ಹೆಣಮಗಳು ಹೋಗುವಾಗ ಅಳ್ತಿದ್ದಳೇನ್ರಿ?"

"ಇಲ್ಲೋ ತಮ್ಮಾ. ಬರೇ ದಣದಿದ್ದಳು."

ಅವನು ತಲೆಯಾಡಿಸಿದ. ಒಂದು ಎಳೆ ಪೂರ್ತಿ ಬಿಡಿಸಿ ಎದ್ದ. ಬತ್ತಾಸಿನ ಪೊಟ್ಟಣವನ್ನು ಕೂಸಿನ ಕೈಗೆ ಕೊಡಲಿಲ್ಲ. ಅಡಿಗೆಮನೆಯ ಹೊಸ್ತಿಲಿಗೆ ಹೋಗಿ, "ತಗೋ ತಂಗಿ" ಎಂದು ಸುಂದ್ರವ್ವನ ಕೈಗೆ ಕೊಟ್ಟ. "ಪಂಚಮಿಗಿ ಗಾಡಿ ತರ್ತೀನಿ. ಇಬ್ರೂ ತಯಾರಾಗಿರ್ರಿ."

ಪಂಚಮಿಗೆ ಅಣ್ಣ ತಮ್ಮಂದಿರು ಕರೆಯಲು ಬರುವುದು ಒಡಹುಟ್ಟಿದವಳನ್ನು. ಸುಂದ್ರವ್ವ ಪೊಟ್ಟಣ ಹಿಡಿದು ನಿಂತಳು. ಮಾತಾಡಿದ್ದು ಕೂಸು, ಬತ್ತಾಸು ಬೇಕೆಂದು.

ಆ ಸಿನೆಮಾ ಮಾಡಿದವರು ಯಾರೋ, ಎಲ್ಲಿಯವರೋ. ಇನ್ನಷ್ಟು ರೊಕ್ಕ ಇದ್ದಿದ್ದರೆ ಆ ನಾಲ್ಕನೆಯ ದೆವ್ವಕ್ಕೂ ಬಿಳಿ ಸೀರೆ ಉಡಿಸಿ ಹಲ್ಲು ಹಚ್ಚುತ್ತಿದ್ದರು. ಅವರ ಬಡತನಕ್ಕೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ.

ನಿಂಗಪ್ಪನ ಗಾಡಿ ಖಾಲಿ ಹೋಯಿತು. ನಾನು ಎದ್ದು ಹುಣಸೆಬೀಜ ಮತ್ತೆ ಕುದಿಯಲು ಇಟ್ಟೆ.